ಕಲಾಪ್ರೇಮಿ ಮೂರು

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೯, ಬುಧವಾರ ಬೆಳಿಗ್ಗೆ

ಪ್ರೀತಿಯ ಗುಂಡುಪಿನ್ನೇ,

ಹೇಗಿದ್ದೀಯಮ್ಮಾ? ಕೆಮ್ಮು ನಿಜವಾಗಿ ಹೋಯಿತೋ, ಇಲ್ಲ ಫೋನಿನಲ್ಲಿ ಮಾತ್ರ ಹೋಯಿತೋ? ಹೊತ್ತಿಗೆ ಸರಿಯಾಗಿ ಊಟ ಮಾಡು, ಬಣ್ಣ ಮೆತ್ತಿದ ಕೈಯಲ್ಲಿ ಮಾತ್ರ ಮಾಡಬೇಡ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನು ನಾನು, ಎಷ್ಟು ಹಳದಿ ಹೊಟ್ಟೆಗೆ ಹೋಗಿದೆಯೋ ದೇವರಿಗೇ ಗೊತ್ತು. ನನ್ನ ಮಂಡಿ ಏಣಿಯ ಮಾತೆತ್ತದಿದ್ದರೆ ಸುಮ್ಮನಿರುತ್ತದೆ. ಅಜ್ಜಿ ಬಹಳ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿ ಎಂದರೆ, ಈ ಪತ್ರ ಮುಗಿಸದೆ ನಾನು ಕುರ್ಚಿಯಿಂದ ಏಳಕೂಡದು ಎಂದು ಬಾಗಿಲಿಗೆ ಅಡ್ಡ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ಇದನ್ನು ಫೋನಿನಲ್ಲಿ ಹೇಳಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಮೂರು ಸಲವೂ ನೀನು ನಗುತ್ತಿದ್ದೆ, ಮೂರು ಸಲವೂ ನಾನು ಹವಾಮಾನದ ವಿಷಯ ಮಾತಾಡಿ ಫೋನ್ ಇಟ್ಟೆ. ಅದಕ್ಕೇ ಕಾಗದ. ಕಾಗದ ನಗುವುದಿಲ್ಲ, ಅಳುವುದೂ ಇಲ್ಲ.

ನೀನು ಆನ್‌ಲೈನಿನಲ್ಲಿ ಚಿತ್ರದ ಅಂಗಡಿ ತೆರೆದಾಗ ಅದು ಹೇಗೆ ನಡೆಯುತ್ತದೆಂದು ನನಗೆ ನಾಲ್ಕು ಸಲ ವಿವರಿಸಿದ್ದೆ. ಚಿತ್ರ ನಿನ್ನದು, ಯಾರಾದರೂ ಬೇಕೆಂದರೆ ಕಂಪನಿಯವರೇ ಪೋಸ್ಟರ್ ಅಚ್ಚು ಹಾಕಿ ಕಳಿಸುತ್ತಾರೆ, ಕೊಂಡವರು ಬರೆದುಕೊಂಡ ಹೆಸರೊಂದು ಬಿಟ್ಟರೆ ನಿನಗೆ ಏನೂ ಕಾಣುವುದಿಲ್ಲ. ಈ ಕೊನೆಯ ಮಾತು ನನ್ನ ತಲೆಯಲ್ಲಿ ಚೆನ್ನಾಗಿ ಕೂತಿತು. ನಿನ್ನ ಸೋದರಮಾವನಿಗೆ ನೀನು ಕೊಟ್ಟ ಮಾತೂ ಕೂತಿತ್ತು: ಮಾರ್ಚ್ ಮುಗಿಯುವುದರೊಳಗೆ ಹತ್ತು ಪೋಸ್ಟರ್ ಮಾರಾಟವಾಗದಿದ್ದರೆ ಬ್ರಷ್ ತೊಳೆದಿಟ್ಟು ಅವನ ವಿಮಾ ಕಚೇರಿ ಸೇರುತ್ತೇನೆ ಎಂದು. ಹೊಸ ವರ್ಷದ ಹೊತ್ತಿಗೂ ನಿನ್ನ ಅಂಗಡಿಗೆ ಒಂದು ನೊಣವೂ ಬಂದಿರಲಿಲ್ಲ. ನಿನ್ನ ದನಿ ವಾರ ವಾರಕ್ಕೂ ಸಣ್ಣದಾಗುತ್ತಿತ್ತು. ಕಚೇರಿಯಲ್ಲಿ ಒಳ್ಳೆಯ ಕಿಟಕಿ ಇದೆಯಂತೆ ಎಂದೆ ನೀನು ಒಂದು ದಿನ. ಅವತ್ತು ನಾನು ಅಜ್ಜಿಯ ಟ್ಯಾಬ್ಲೆಟ್ ಕೈಗೆತ್ತಿಕೊಂಡೆ.

ಹೌದು, ಗುಂಡುಪಿನ್ನೇ. ಆ 'ಕಲಾಪ್ರೇಮಿ' ಅನ್ನುವ ಮೊದಲ ಗಿರಾಕಿ ನಾನೇ. ಕೈಚೀಲ ಹಿಡಿದು ಬಸ್ಸಿನ ಹಿಂದೆ ಓಡುವ ಕೋಳಿಯ ಚಿತ್ರ, ಕೆಳಗೆ 'ಬಂದೆ, ಇರು' ಎಂಬ ಬರಹ, ಅದನ್ನೇ ಆರಿಸಿದೆ. ಆದರೆ ಆ ಪುಟದಲ್ಲಿ ಎಷ್ಟು ಗುಂಡಿಗಳಮ್ಮಾ! ಅದೇ ಕೋಳಿ ಪೋಸ್ಟರಿನ ಮೇಲೆ, ದಿಂಬಿನ ಮೇಲೆ, ಲೋಟದ ಮೇಲೆ. ನಾನು ದೊಡ್ಡ ಅಳತೆ ಎಂದು ಒತ್ತಿದ್ದು ಬಚ್ಚಲುಮನೆಯ ಪರದೆಯಾಗಿತ್ತು. ಒಂಬತ್ತನೆಯ ದಿನ ಆಳೆತ್ತರದ ಕೋಳಿ ಬಂತು. ವಾಪಸು ಕಳಿಸಿದರೆ ನಿನ್ನ ಲೆಕ್ಕ ಕಡಿಮೆಯಾಗುತ್ತದೆಂದು ತೂಗುಹಾಕಿದೆವು. ಅಂದಿನಿಂದ ಅಜ್ಜಿ ಬೆನ್ನು ತಿರುಗಿಸಿಕೊಂಡೇ ಸ್ನಾನ ಮಾಡುತ್ತಾಳೆ.

ಪರದೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಮತ್ತೆ ಒಂದು ಸರಿಯಾದ ಪೋಸ್ಟರ್ ತರಿಸಬೇಕಾಯಿತು. ಒಬ್ಬನೇ ಎರಡು ಕೊಂಡರೆ ನಿನಗೆ ಅನುಮಾನ ಬರುತ್ತದಲ್ಲ? ಬಹಳ ಯೋಚಿಸಿ ಹೊಸ ಹೆಸರು ಇಟ್ಟುಕೊಂಡೆ, 'ಕಲಾಪ್ರೇಮಿ ಎರಡು'. ಆಮೇಲೆ 'ಕಲಾಪ್ರೇಮಿ ಮೂರು'. ಇಂಥ ಬುದ್ಧಿ ಇಟ್ಟುಕೊಂಡು ಕಳ್ಳತನಕ್ಕಿಳಿಯಬಾರದು ಎಂದಳು ಅಜ್ಜಿ. ಅಂದವಳೇ ಮಾರನೆಯ ದಿನ 'ವಸಂತಮಾಲೆ' ಎಂಬ ಹೆಸರಲ್ಲಿ ತಾನೂ ಒಂದು ತರಿಸಿದಳು. ಆ ಹೆಸರು ಎಲ್ಲಿಂದ ತಂದಳೋ ಇವತ್ತಿಗೂ ಹೇಳಿಲ್ಲ.

ಆಮೇಲೆ ಬೀದಿಗೆ ಇಳಿದೆ. ಮೂಲೆಯಂಗಡಿಯ ಕ್ಷೌರಿಕನ ಬೋರ್ಡು ಬರೆದವನು ನಾನೇ, ಇಲ್ಲವೆನ್ನುವ ಧೈರ್ಯ ಅವನಿಗೆಲ್ಲಿ ಬರಬೇಕು? ಕೊಳ್ಳುವ ಗುಂಡಿ ಒಂದು ಸಲ ಒತ್ತಿದ, ಏನೂ ಆಗಲಿಲ್ಲವೆಂದು ಮತ್ತೆರಡು ಸಲ ಒತ್ತಿದ, ಮೂರು ಬಂದವು. ಮೂರನ್ನೂ ಕನ್ನಡಿಯ ಎದುರಿನ ಗೋಡೆಗೆ ಹಚ್ಚಿದ್ದಾನೆ. ಗಡ್ಡಕ್ಕೆ ಕೂತವರು ಕನ್ನಡಿಯೊಳಗೆ ಹಿಂದುಮುಂದಾದ ಅಕ್ಷರ ಓದಲು ಕತ್ತು ತಿರುಗಿಸುತ್ತಾರಂತೆ, ಎರಡು ಗಾಯವಾಗಿದೆ. ಕೆಳಗಿನ ಮನೆಯ ದರ್ಜಿಯಮ್ಮ ಒಂದು ತರಿಸಿ ತಾನೇ ಇಟ್ಟುಕೊಂಡಳು, ಇನ್ನೊಂದನ್ನು ನಾದಿನಿಗೆ ಕೊಟ್ಟಳು. ಹಲ್ಲಿನ ಡಾಕ್ಟರು ತಮ್ಮದನ್ನು ಗೋಡೆಗಲ್ಲ, ಕುರ್ಚಿಯ ಮೇಲಿನ ಚಾವಣಿಗೆ ಅಂಟಿಸಿದರು. ಬಾಯಿ ತೆರೆದು ಮಲಗಿದವರಿಗೆ ನೋಡಲು ಇನ್ನೇನಿದೆ? ಅವರ ಸಹಾಯಕಿಗೂ ಒಂದು ಹಿಡಿಸಿತು. ಹೀಗೆ ಒಟ್ಟು ಹನ್ನೊಂದಾಯಿತು. ಪ್ರತಿಸಲ ನೀನು ಫೋನ್ ಮಾಡಿ 'ಅಜ್ಜಾ, ಇನ್ನೊಬ್ಬರು ಬಂದ್ರು, ಯಾರೋ ಗುರುತೇ ಇಲ್ಲದವ್ರು' ಅಂದಾಗ ನಾವಿಬ್ಬರೂ ಈ ಕಡೆ ಕೈ ಹಿಡಿದುಕೊಂಡು ಕೂತಿರುತ್ತಿದ್ದೆವು. ತಪ್ಪು ಮಾಡುತ್ತಿದ್ದೇವೆ ಅಂತ ಒಂದು ದಿನವೂ ಅನ್ನಿಸಲಿಲ್ಲ, ಅದೇ ತಪ್ಪು.

ಇನ್ನು ಬರೆಯಲು ಕೈ ಬಾರದ ಭಾಗ. ಕೊಂಡವರು ಅಭಿಪ್ರಾಯ ಬರೆಯಿರಿ, ನಕ್ಷತ್ರ ಕೊಡಿ ಎಂದು ಕಂಪನಿಯವರು ಕಾಟ ಕೊಡಲು ಶುರುಮಾಡಿದರು. ಕಣ್ಣು ಮುಚ್ಚಿ ಐದು ನಕ್ಷತ್ರ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಅಂದು ಕನ್ನಡಕ ಹಾಕಿಕೊಂಡು ಕೂತೆ. ನಿನ್ನ ಅಜ್ಜನಾಗಿ ಕೂತಿದ್ದವನು, ಯಾವಾಗ ಬೋರ್ಡು ಬರೆಯುವವನಾದೆನೋ ತಿಳಿಯಲಿಲ್ಲ. ಬಣ್ಣ ಚೆನ್ನಾಗಿದೆ, ಆದರೆ ಕೋಳಿಯ ಮಂಡಿ ಹಿಂದಕ್ಕೆ ಬಾಗಿದೆ, ಕಲಾವಿದರು ಕೋಳಿಯನ್ನು ನೋಡಿಲ್ಲವೆಂದು ತೋರುತ್ತದೆ, ಅಕ್ಷರಗಳ ನಡುವಿನ ಅಂತರವೂ ಸರಿಯಿಲ್ಲ ಎಂದು ಬರೆದು ಮೂರು ನಕ್ಷತ್ರ ಕೊಟ್ಟು ಹಾಯಾಗಿ ಮಲಗಿದೆ. ಮೂರನೆಯ ದಿನ ನೀನು ಅಜ್ಜಿಗೆ ಫೋನ್ ಮಾಡಿ ಅತ್ತೆ. 'ಕಲಾಪ್ರೇಮಿ ಮೂರು ಯಾರೋ ಹೊಟ್ಟೆಕಿಚ್ಚಿನ ಮನುಷ್ಯ ಅಜ್ಜಿ, ಎರಡು ದಿನದಿಂದ ಪೆನ್ಸಿಲ್ ಮುಟ್ಟೋಕೂ ಆಗ್ತಿಲ್ಲ' ಅಂದೆಯಂತೆ. ಅಜ್ಜಿ ಫೋನ್ ಇಟ್ಟು ನನ್ನ ಕಡೆ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. 'ನೀವು ಕೋಳಿ ನೋಡಿದ್ದೀರಾ?' ಅಂದಳು, ಅಷ್ಟೇ.

ಹಿಂದಿನ ಬೀದಿಯಲ್ಲಿ ತರಕಾರಿಯವಳು ಕೋಳಿ ಸಾಕಿದ್ದಾಳೆ. ಹೋಗಿ ಅವಳ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಗುಂಡುಪಿನ್ನೇ, ಕೋಳಿಯ ಕಾಲು ಹಿಂದಕ್ಕೇ ಬಾಗುತ್ತದೆ. ಆರೂ ಕೋಳಿಗಳದ್ದು. ಅಕ್ಕಪಕ್ಕದ ನಾಲ್ಕು ಬೀದಿಗೆ ಕೋಳಿ ಅಂಗಡಿಯ ಬೋರ್ಡು ಬರೆದುಕೊಟ್ಟವನು ನಾನು, ಎಲ್ಲ ಕೋಳಿಗೂ ಮನುಷ್ಯರ ಮಂಡಿ ಇಟ್ಟಿದ್ದೇನೆ. ಒಬ್ಬ ಅಂಗಡಿಯವನೂ ಬಾಯಿಬಿಟ್ಟಿಲ್ಲ. ನೀನು ನೋಡಿ ಬರೆದಿದ್ದೀಯ, ನಾನು ಅಭ್ಯಾಸದಿಂದ ಬರೆದೆ. ಎದ್ದು ನಿಲ್ಲಲು ತರಕಾರಿಯವಳೇ ಕೈ ಕೊಡಬೇಕಾಯಿತು. ಮಂಡಿಯ ಮಾತು ಪೂರ್ತಿ ವಾಪಸು. ಅಕ್ಷರದ ಅಂತರದ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ. 'ಇರು' ಅನ್ನುವುದು 'ಬಂದೆ'ಯಿಂದ ಮುನಿಸಿಕೊಂಡು ದೂರ ನಿಂತಂತಿದೆ, ಸರಿಮಾಡು.

ಮೊನ್ನೆ ನೀನು ಫೋನಿನಲ್ಲಿ, ಮಾವನಿಗೆ 'ಬರೋದಿಲ್ಲ' ಅಂತ ಬರೆದು ಇಟ್ಟಿದ್ದೇನೆ, ತಿಂಗಳ ಕೊನೆಗೆ ಕಳಿಸುತ್ತೇನೆ ಎಂದೆ. ನಮ್ಮ ಹನ್ನೊಂದು ಸುಳ್ಳಿನ ಮೇಲೆ ನೀನು ಜೀವನ ಕಟ್ಟಲು ಹೊರಟಿದ್ದೀಯ. ಒಳ್ಳೆಯ ಗೋಡೆಗೇ ಬಣ್ಣ ನಿಲ್ಲುವುದಿಲ್ಲ ಕೆಲವು ಸಲ, ಒದ್ದೆ ಗೋಡೆಗೆ ಬಳಿದುಕೊಟ್ಟು ಚೆನ್ನಾಗಿದೆ ಅಂದರೆ ನಾನು ಎಂಥ ಕೆಲಸಗಾರ? ಆದ್ದರಿಂದ ನಿಜ ತಿಳಿದು ನೀನೇ ತೀರ್ಮಾನಿಸು. ಕಚೇರಿ ಸೇರಿದರೂ ನೀನು ನಮ್ಮ ಗುಂಡುಪಿನ್ನೇ, ಸೇರದಿದ್ದರೂ. ಸಿಟ್ಟು ಬಂದರೆ ಬೈದು ಪತ್ರ ಬರೆ, ಗಟ್ಟಿಯಾಗಿ ಬರೆ, ಅಜ್ಜಿಯ ಪಾಲು ಅಜ್ಜಿಗೆ ಪ್ರತ್ಯೇಕ. ಮಾತು ಬಿಡಬೇಡ, ಅದೊಂದು ನನ್ನಿಂದ ಆಗುವುದಿಲ್ಲ.

ನೂರು ವರ್ಷ ಸುಖವಾಗಿರು. ಕೈ ಸದಾ ನಿನ್ನ ಮಾತು ಕೇಳಲಿ. ಕ್ಷೌರಿಕ, ದರ್ಜಿಯಮ್ಮ, ಡಾಕ್ಟರು, ಎಲ್ಲರೂ ಕೇಳಿದರೆಂದು ತಿಳಿ.

ಇಂತಿ ನಿನ್ನ ತಪ್ಪಿತಸ್ಥ
ಅಜ್ಜ (ಕಲಾಪ್ರೇಮಿ ಒಂದು, ಎರಡು ಮತ್ತು ಮೂರು)

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಜ್ಜಿ ಟ್ಯಾಬ್ಲೆಟ್ ಹಿಡಿದು ಬಂದಳು. ನಿನ್ನ ಅಂಗಡಿಯ ಪುಟದಲ್ಲಿ ಈಗ ಹದಿಮೂರು ಮಾರಾಟ ಎಂದಿದೆ. ಚಪ್ಪಲಿಯನ್ನೂ ಹಾಕದೆ ಓಡಿದೆ. ಕ್ಷೌರಿಕ ಒತ್ತಿಲ್ಲವಂತೆ, ತಾಯಾಣೆ ಇಟ್ಟ. ದರ್ಜಿಯಮ್ಮ ಇಲ್ಲ. ಡಾಕ್ಟರು ಯಾರದೋ ಹಲ್ಲು ಕೀಳುತ್ತಿದ್ದರು, ಕೀಳುತ್ತಲೇ ಇಲ್ಲವೆಂದು ತಲೆಯಾಡಿಸಿದರು, ಸಹಾಯಕಿಯೂ. ಅಜ್ಜಿಯನ್ನು ಎರಡು ಸಲ ಕೇಳಿದೆ. ಆ ಎರಡು ನಮ್ಮದಲ್ಲ ಮಗೂ. ಯಾರೆಂದು ನಮಗೆ ನಿಜಕ್ಕೂ ಗೊತ್ತಿಲ್ಲ. ಹನ್ನೊಂದನ್ನು ಹೊಡೆದುಹಾಕಿ, ಈ ಎರಡನ್ನು ಇಟ್ಟುಕೊಂಡು ಯೋಚನೆ ಮಾಡು. ಅಂಚೆಯವನು ಬಂದ.