ನಿನ್ನ ಮಂಚ ಹಿಡಿಯುವ ಕಾರು

ಟೈರ್ ಅಂಗಡಿಯ ಮೇಲಿನ ಮನೆ
ಮಂಗಳವಾರ, ಅಕ್ಟೋಬರ್ ೧೪

ಮುದ್ದಿನ ಗುಂಡಾ,

ಹೇಗಿದ್ದೀಯೋ? ಚಳಿ ಶುರುವಾದ ಮೇಲೆ ಭುಜದ ಮೂಳೆ ಮತ್ತೆ ನೋಯುತ್ತಿದೆಯಾ? ಬೇಕರಿಯ ಒಲೆಯ ಮುಂದೆ ನಿಂತಿರುತ್ತಾನಲ್ಲ, ಅದಕ್ಕೆ ಶಾಖವಾದರೂ ಸಿಗುತ್ತದೆ ಎಂದು ಅಮ್ಮ ಸಮಾಧಾನ ಮಾಡಿಕೊಳ್ಳುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಬೀದಿಗೆಲ್ಲ ಬ್ರೆಡ್ಡು ಬೇಯಿಸಿ ತಾನು ಹಸಿದುಕೊಂಡಿರುವ ಜಾತಿಯವನು ನೀನು, ನನಗೆ ಗೊತ್ತಿಲ್ಲವೇ? ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡುವುದಕ್ಕೆ ಗುಂಡಿ ಇಲ್ಲ ನೋಡು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಭರ್ಜರಿಯಾಗಿದೆ. ನಾನು ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಅಪ್ಪನ ನೀಲಿ ಅಂಗಿ ಅಂಗಡಿಯ ಜಾಕಿನ ಮೇಲಿನ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ, ತೆಗೆಯಲು ನಮ್ಮಿಬ್ಬರಿಗೂ ಕೈ ಬರುವುದಿಲ್ಲ.

ಸುದ್ದಿ ಏನೆಂದರೆ, ನಾವು ಕಾರು ಕೊಳ್ಳುತ್ತಿದ್ದೇವೆ. ಇಷ್ಟಕ್ಕೇ ಕಾಗದ ಮಡಚಿಡಬೇಡ, ಪೂರ್ತಿ ಓದು. ಜನವರಿಯಲ್ಲಿ ಇಳಿಜಾರಿನ ತಿರುವಿನಲ್ಲಿ ನೀನು ಓಡಿಸುತ್ತಿದ್ದ ಕಾರು ಹಿಮದ ಮೇಲೆ ಜಾರಿ ಅಪ್ಪ ಹೋದ ಮೇಲೆ, ಈ ಒಂಬತ್ತು ತಿಂಗಳಿನಿಂದ ನಾವು ಬಸ್ಸಿನಲ್ಲೇ ಓಡಾಡಿದೆವು. ಇನ್ನೊಂದು ತಿಂಗಳಿಗೆ ಮತ್ತೆ ಹಿಮ ಬೀಳುತ್ತದೆ, ಬಸ್ಸು ನಮ್ಮ ಏರಿಗೆ ಬರುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಕಾರಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬೀದಿಯವರೆಲ್ಲ ಆಗ ಒಂದೇ ರಾಗ ಹಾಡಿದ್ದು ಅಮ್ಮನ ತಲೆಯಲ್ಲಿ ಕೂತುಬಿಟ್ಟಿದೆ. ನೀನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ‘ನಾನೇ ಕೊಂದೆ ಅಕ್ಕಾ’ ಅಂದಿದ್ದು ನನ್ನ ತಲೆಯಲ್ಲಿ ಕೂತಿದೆ. ಅವತ್ತು ನಿನ್ನ ತಲೆ ಸವರಿದೆನೇ ಹೊರತು ಒಂದು ಮಾತೂ ಆಡಲಿಲ್ಲ. ಹದಿಮೂರನೆಯ ದಿನಕ್ಕೆ ನೀನು ಒಂದು ಚೀಲ ಹಿಡಿದು ಹೊರಟೇಹೋದೆ.

ಭಾನುವಾರ ಹೆದ್ದಾರಿ ಪಕ್ಕದ ಶೋರೂಮಿಗೆ ಹೋಗಿದ್ದೆವು. ಒಂದೇ ಕಂಪನಿಯ ಎರಡು ಕಾರು, ಒಂದೇ ಎಂಜಿನ್, ಎರಡರಲ್ಲೂ ನಾಲ್ಕು ಚಕ್ರಕ್ಕೂ ಎಳೆತ. ಒಂದು ಸೆಡಾನ್, ಇನ್ನೊಂದು ವ್ಯಾಗನ್. ಸೆಡಾನು ನೋಡಲು ಲಕ್ಷಣವಾಗಿದೆ, ಡಿಕ್ಕಿ ಬೇರೆಯೇ ಇರುವುದರಿಂದ ಒಳಗೆ ಸದ್ದು ಕಡಿಮೆ, ಬೇಗ ಬೆಚ್ಚಗಾಗುತ್ತದೆ. ಆದರೆ ಡಿಕ್ಕಿಯ ಬಾಯಿ ಕಿರಿದು, ನಾಲ್ಕು ಟೈರು ತುಂಬುವಷ್ಟರಲ್ಲಿ ಬೆವರು ಕಿತ್ತುಬರುತ್ತದೆ. ವ್ಯಾಗನ್ನಿನ ಚಾವಣಿ ಹಿಂದಿನವರೆಗೂ ಹೋಗುತ್ತದೆ, ಹಿಂದಿನ ಸೀಟು ಮಡಚಿದರೆ ನೆಲ ಸಪಾಟು. ಸ್ವಲ್ಪ ಭಾರ, ಸ್ವಲ್ಪ ಗಡಗಡ, ಹಿಂದಿನ ಗಾಜಿಗೆ ಕೊಳೆ ಜಾಸ್ತಿ. ಅಪ್ಪ ವ್ಯಾಗನ್ ಕಂಡರೆ ‘ಮೂಟೆ ಹೊತ್ತುಕೊಂಡೇ ಹುಟ್ಟಿದ ಕಾರು’ ಎಂದು ನಗುತ್ತಿದ್ದರಲ್ಲ, ನೆನಪಿದೆಯಾ? ನಾನು ಅದನ್ನೇ ಹೇಳಿ ಸೆಡಾನಿನ ಪರ ವಾದಿಸಿದೆ. ನಾವಿಬ್ಬರೇ ಇರುವುದು, ಇಬ್ಬರಿಗೆ ಅಷ್ಟು ದೊಡ್ಡ ಕಾರು ಯಾಕೆ ಅಂದೆ. ಅಮ್ಮನ ವಿಷಯ ಗೊತ್ತಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬ್ಯಾಗಿನಿಂದ ತನ್ನ ಹೊಲಿಗೆಯ ಟೇಪು ತೆಗೆದಳು. ರವಿಕೆಗೆ ಅಳತೆ ತೆಗೆಯುವ ಹಾಗೆ ವ್ಯಾಗನ್ನಿನ ಹಿಂಭಾಗದ ಉದ್ದ, ಅಗಲ, ಎತ್ತರ ಎಲ್ಲ ಅಳೆದು ಒಂದು ಚೀಟಿಗೆ ಹೋಲಿಸಿ ನೋಡಿದಳು. ಆ ಚೀಟಿಯಲ್ಲಿ ಏನಿತ್ತು ಗೊತ್ತಾ? ಹೋದ ಸಲ ನಿನ್ನ ಕೋಣೆಗೆ ಬಂದಿದ್ದಾಗ ನೀನು ಟೀ ಮಾಡಲು ಹೋದ ಹೊತ್ತಿನಲ್ಲಿ ಕದ್ದು ಅಳೆದುಕೊಂಡಿದ್ದ ನಿನ್ನ ಮಡಚುವ ಮಂಚ, ನಿನ್ನ ಸೈಕಲ್ಲು, ಪುಸ್ತಕದ ಪೆಟ್ಟಿಗೆ. ‘ಎಲ್ಲಾ ಒಂದೇ ಸಲಕ್ಕೆ ಹಿಡಿಯತ್ತೆ ಕಣೆ. ಎರಡು ಸಲ ಹೋಗೋ ಹಾಗಿದ್ರೆ ಮಧ್ಯದಲ್ಲಿ ಅವನು ಮನಸ್ಸು ಬದಲಾಯಿಸಿಬಿಡ್ತಾನೆ’ ಅಂದಳು. ಆಮೇಲೆ ಆ ಸಪಾಟು ನೆಲದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಗಳಗಳನೆ ಅತ್ತಳು ಗುಂಡಾ. ಶವಯಾತ್ರೆಯ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮಾರಾಟದವನು ಒಳ್ಳೆಯ ಮನುಷ್ಯ, ನೀರು ತಂದುಕೊಟ್ಟ. ಮಾತು ಬೇರೆ ಕಡೆ ತಿರುಗಲಿ ಎಂದು ಅವನಿಗೆ ತೋಚಿದ್ದನ್ನು ಹೇಳತೊಡಗಿದ. ನಾಲ್ಕೂ ಚಕ್ರ ಎಳೆದರೆ ಕಾರು ಹೊರಡುವುದು ಸಲೀಸು, ಆದರೆ ನಿಲ್ಲಿಸುವುದು ಟೈರೇ ಅಂದ. ಎರಡು ಹೊಸದು ಎರಡು ಹಳೆಯದು ಹಾಕಿ ಓಡಿಸಬೇಡಿ, ಹಾಕಿದರೆ ನಾಲ್ಕನ್ನೂ ಒಟ್ಟಿಗೇ ಹಾಕಿ ಅಂದ. ಅಮ್ಮ ಕಣ್ಣೊರೆಸಿಕೊಂಡು, ‘ಅಯ್ಯೋ, ನಮ್ಮದೇ ಟೈರ್ ಅಂಗಡಿ ಸ್ವಾಮಿ, ಆದ್ರೆ ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋ ಹಾಗೆ, ಗಿರಾಕಿಗೆ ಕೊಟ್ಟು ಉಳಿದಿದ್ದೇ ನಮ್ಮ ಕಾರಿಗೆ’ ಎಂದು ನಕ್ಕಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಾಳಿ ಬೇಕು ಎಂದು ಹೊರಗೆ ಹೋಗಿ ನಿಂತೆ.

ಈಗ ತೀರ್ಮಾನ ನಿನಗೆ ಬಿಟ್ಟಿದ್ದೇವೆ. ಶನಿವಾರದೊಳಗೆ ಶೋರೂಮಿಗೆ ಹೇಳಬೇಕು. ನೀನು ಬರುವುದಾದರೆ ವ್ಯಾಗನ್, ಬರುವುದಿಲ್ಲವಾದರೆ ಸೆಡಾನ್. ಫೋನಿಗೆ ಒಂದೇ ಪದ ಬರೆದು ಕಳಿಸಿದರೂ ಸಾಕು. ಓಡಿಸು ಎಂದು ಯಾರೂ ನಿನ್ನನ್ನು ಒತ್ತಾಯಿಸುವುದಿಲ್ಲ. ನಾನು ಓಡಿಸುತ್ತೇನೆ, ನೀನು ಅಮ್ಮನ ಪಕ್ಕ ಕೂತು ಅವಳ ಬೈಗುಳ ಕೇಳು. ಇಲ್ಲಿನ ನಿನ್ನ ಕೋಣೆಯ ಕಿಟಕಿಗೆ ಅವಳು ಹೊಸ ಪರದೆ ಹೊಲಿದಿದ್ದಾಳೆ, ಬಣ್ಣ ನಿನಗೆ ಹಿಡಿಸುವುದಿಲ್ಲ, ಆದರೂ ಚೆನ್ನಾಗಿದೆ ಅನ್ನು.

ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಸುಟ್ಟ ಕೈಗೆ ಮುಲಾಮು ಹಚ್ಚಿಕೋ ಎಂದು ಅವಳು ಇಲ್ಲೇ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ.

ನಿನ್ನ ಜಗಳಗಂಟಿ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೊದಲ ಸಾಲಿನಲ್ಲೇ ಬರೆಯಬೇಕಾಗಿದ್ದು. ಅಮ್ಮ ಈಗ ಕೆಳಗೆ ಹೋದಳು, ಬೇಗ ಬರೆಯುತ್ತೇನೆ. ಅಪ್ಪ ಹೋದ ಆ ವಾರ ಅಂಗಡಿಯಲ್ಲಿ ನಮ್ಮ ಕಾರಿನ ಅಳತೆಯ ಚಳಿಗಾಲದ ಟೈರು ನಾಲ್ಕೇ ಉಳಿದಿದ್ದವು, ಅಪ್ಪ ನಮಗೆಂದೇ ಎತ್ತಿಟ್ಟಿದ್ದರು. ಗುರುವಾರ ಅಪ್ಪ ಇಲ್ಲದಾಗ ಆಸ್ಪತ್ರೆಯ ನರ್ಸ್ ಬಂದು ಗೋಗರೆದಳು. ಎರಡನ್ನು ಅವಳಿಗೆ ಕೊಟ್ಟು, ಹೊಸದು ಯಾವಾಗಲೂ ಹಿಂದಕ್ಕೆ ಎಂದು ಅಪ್ಪ ಕಲಿಸಿದ್ದಂತೆ ಹಿಂದಕ್ಕೇ ಹಾಕಿಕೊಟ್ಟೆ. ಉಳಿದೆರಡನ್ನು ನಮ್ಮ ಕಾರಿನ ಮುಂದಕ್ಕೆ ಹಾಕಿದೆ, ಎಳೆಯುವುದು ಮುಂದಿನ ಚಕ್ರವೇ ತಾನೇ, ಮನೆಯ ಏರು ಹತ್ತಿದರೆ ಸಾಕು ಅನ್ನಿಸಿತ್ತು. ಹಿಂದೆ ಸವೆದವೇ ಇದ್ದವು. ಹಾಗೆ ಹಾಕಿದರೆ ಇಳಿಜಾರಿನಲ್ಲಿ ಕಾರಿನ ಹಿಂಭಾಗ ತಿರುಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಸೋಮವಾರ ಸರಕು ಬರುತ್ತದಲ್ಲ, ನಾಲ್ಕು ದಿನ ತಾನೇ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಶನಿವಾರ ನೀವಿಬ್ಬರೂ ಹೊರಟಿರಿ. ‘ಹಿಂದಿನಿಂದ ಯಾರೋ ಹಿಡಿದು ತಿರುಗಿಸಿದ ಹಾಗಾಯ್ತು ಅಕ್ಕಾ’ ಎಂದು ನೀನು ಅಂದ ಕೂಡಲೇ ನನಗೆ ತಿಳಿದುಹೋಯಿತು. ಆದರೂ ಬಾಯಿ ಬಿಡದೆ ಒಂಬತ್ತು ತಿಂಗಳು ನಿನ್ನನ್ನು ಪರದೇಶಿ ಮಾಡಿದೆ. ಅಮ್ಮನಿಗೆ ಈ ಕಾಗದ ಓದಿ ಹೇಳಿದ್ದೇನೆ, ಇಷ್ಟನ್ನು ಬಿಟ್ಟು. ಅವಳಿಗೂ ಹೇಳಬೇಕು, ಒಬ್ಬಳಿಗೇ ಧೈರ್ಯ ಸಾಲುತ್ತಿಲ್ಲ. ನನ್ನ ಮುಖ ನೋಡಲು ಮನಸ್ಸಾಗದಿದ್ದರೂ ಬಾ ಗುಂಡಾ. ಈ ಮನೆ ಬಿಟ್ಟು ಹೋಗಬೇಕಾಗಿದ್ದವನು ನೀನಲ್ಲ.