ಕರೆಗಂಟೆ ಬೇಡದ ಮನೆ

ಭಾನುವಾರ, ಹದಿನಾಲ್ಕನೇ ತಾರೀಖು

ಮೇಸ್ತ್ರಿಯವರಿಗೆ,

ಇಪ್ಪತ್ತೆರಡು ವರ್ಷ ‘ರೀ’ ಎಂದು ಕರೆದವಳು ಇವತ್ತು ಬೀದಿಯವರ ಹಾಗೆ ಮೇಸ್ತ್ರಿಯವರೇ ಎನ್ನುತ್ತಿದ್ದೇನೆ. ನನಗೆಷ್ಟು ಸಿಟ್ಟು ಬಂದಿದೆ ಎಂಬುದನ್ನು ಇಷ್ಟರಲ್ಲೇ ತಿಳಿದುಕೊಳ್ಳಿ.

ನಿಮ್ಮ ಕಾಗದ ಶುಕ್ರವಾರ ಬಂತು. ಎರಡು ಪುಟ, ಅದರಲ್ಲಿ ಒಂದು ಪುಟ ಬರೀ ನಕ್ಷೆ. ಅತ್ತೆಗೆಂದು ಹಿತ್ತಲ ಕಡೆ ಹೊಸ ಕೋಣೆ ಎಬ್ಬಿಸಿದ್ದೀರಂತೆ. ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ಮಂಚದ ಎರಡೂ ಪಕ್ಕ ಬೆಲ್. ‘ಅಮ್ಮನನ್ನು ಆ ಬೆಂಕಿಪೊಟ್ಟಣದಲ್ಲಿ ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತೀ, ಕಳಿಸಿಕೊಡು’ ಎಂದು ಬರೆದಿದ್ದೀರಿ. ಅಮ್ಮ ಹೇಗಿದ್ದಾರೆ ಎಂದು ಮಾತ್ರ ಒಂದು ಸಾಲು ಕೇಳಿಲ್ಲ. ಬೆಲ್ ಎಂಬ ಮಾತು ಓದಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆಯನ್ನು ಕಳಿಸುವುದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಮದುವೆಯಾಗಿ ಬಂದಾಗ ಆ ಮನೆಗೆ ಇದ್ದದ್ದು ಎರಡೇ ಕೋಣೆ. ನಿಮ್ಮ ಗೊರಕೆಗೆ ನಿದ್ದೆಯಿಲ್ಲ ಎಂದು ಒಂದು ಬೆಳಿಗ್ಗೆ ಗೊಣಗಿದೆ. ಮುಂದಿನ ತಿಂಗಳು ಮೂರನೆಯ ಕೋಣೆ ಎದ್ದು ನಿಂತಿತು. ನನ್ನ ಹೊಲಿಗೆ ಮಿಷನ್ನಿನ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ನೀವು ರೇಗಿದಿರಿ. ಅಂಗಳದ ತುದಿಯಲ್ಲಿ ಮಿಷನ್ನಿಗೊಂದು ಕೋಣೆಯಾಯಿತು. ಉಪ್ಪಿನ ಡಬ್ಬಿ ಎಲ್ಲಿಡಬೇಕು ಎಂಬುದಕ್ಕೆ ಅತ್ತೆಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅಂಗಳದ ಆ ಬದಿಗೆ ಅವರಿಗೊಂದು ಕೋಣೆ, ಅವರದೇ ಒಲೆ, ಅವರದೇ ಬಚ್ಚಲು. ಬೇರೆ ಗಂಡಂದಿರು ಜಗಳವಾದರೆ ಸಮಾಧಾನ ಮಾಡುತ್ತಾರೆ, ಇಲ್ಲವೇ ಇನ್ನಷ್ಟು ಕೂಗಾಡುತ್ತಾರೆ. ನೀವು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಿರಿ. ಒಂದು ಜಗಳಕ್ಕೂ ನಿಮ್ಮಿಂದ ಉತ್ತರ ಬರಲಿಲ್ಲ, ಗೋಡೆ ಬಂತು.

ಕೊನೆಗೆ ಟೆರೇಸಿನ ಮೇಲಿನದೂ ಸೇರಿ ಮೂರು ಜನಕ್ಕೆ ಏಳು ಕೋಣೆ. ಕೂಗಿದರೆ ಕೇಳುವುದಿಲ್ಲವೆಂದು ಕೋಣೆ ಕೋಣೆಗೂ ಬೆಲ್ ಹಾಕಿಸಿದಿರಿ. ಒಂದು ಕಡೆ ಒತ್ತಿದರೆ ಏಳೂ ಕಡೆ ಬಡಿದುಕೊಳ್ಳುತ್ತಿತ್ತು. ಬಂದವರಿಗೆಲ್ಲ ಒತ್ತಿ ತೋರಿಸಿದಿರಿ. ನಾನೂ ಪಕ್ಕದಲ್ಲಿ ನಿಂತು ಬೀಗಿದ್ದೇನೆ, ಇಲ್ಲವೆನ್ನುವುದಿಲ್ಲ.

ಅತ್ತೆ ಬಿದ್ದ ದಿನ ಆ ಬೆಲ್ ಯಾರನ್ನು ಕರೆತಂದಿತು? ಬೆಳಿಗ್ಗೆ ಹತ್ತೂವರೆಗೆ ಬಚ್ಚಲ ಬಾಗಿಲಲ್ಲಿ ಜಾರಿದವರು ಎರಡು ಗಂಟೆಯವರೆಗೆ ನೆಲದ ಮೇಲಿದ್ದರು. ಸೊಂಟದ ಮೂಳೆ ಮುರಿದಿತ್ತು. ಕೂಗಲು ದನಿ ಏಳಲಿಲ್ಲವಂತೆ. ತೆವಳಿಕೊಂಡು ಹೋಗಿ, ಮಂಚದಿಂದ ಜೋತುಬಿದ್ದಿದ್ದ ಬೆಲ್ಲಿನ ಸ್ವಿಚ್ಚನ್ನು ಮೂರು ಸಲ ಒತ್ತಿದರಂತೆ. ಒಣಗಿದ ಬಟ್ಟೆ ಕೊಡಲು ಹೋದ ನಾನು ನೋಡದಿದ್ದರೆ ಸಂಜೆಯವರೆಗೂ ಅಲ್ಲೇ ಇರುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಇಷ್ಟು ತಡವೇಕೆ ಎಂದು ಕೇಳಿದಾಗ ನೀವು ಬೆಲ್ ಕೆಟ್ಟಿರಬೇಕು ಎಂದಿರಿ. ನಾನು ಮಿಷನ್ ಓಡುತ್ತಿತ್ತು ಎಂದೆ. ಡಾಕ್ಟರು ಇಬ್ಬರನ್ನೂ ಒಂದು ಗಳಿಗೆ ನೋಡಿ ಚೀಟಿ ಬರೆದುಕೊಟ್ಟರು.

ಆಸ್ಪತ್ರೆಯಿಂದ ಬಿಡುವ ದಿನ ‘ನಾ ಆ ಮನೆಗೆ ಬರಲ್ಲ ಕಣೆ’ ಎಂದದ್ದು ಅತ್ತೆಯೇ. ನಾನು ನಿಮ್ಮ ಅಮ್ಮನನ್ನು ಹಾರಿಸಿಕೊಂಡು ಬಂದೆ ಎಂದು ಬೀದಿಗೆಲ್ಲ ಸಾರಿದ್ದೀರಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಈಗ ನೀವು ಬೆಂಕಿಪೊಟ್ಟಣ ಎಂದ ಈ ಬಾಡಿಗೆ ಮನೆಯ ಮಾತು. ಒಂದು ಕೋಣೆ, ಒಂದು ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಗುಡಿಸಿ ಒರೆಸಲು ಹತ್ತು ನಿಮಿಷ. ಅಲ್ಲಿ ಯಾರೂ ಕೂರದ ಕೋಣೆಗಳ ಧೂಳು ಹೊಡೆಯುತ್ತ ಬೆಳಗೆಲ್ಲ ಕಳೆಯುತ್ತಿದ್ದೆ, ಆ ಹೊತ್ತಿಗೆ ಈಗ ಎರಡು ಅಂಗಿ ಹೊಲಿದು ಮುಗಿಸುತ್ತೇನೆ. ಅತ್ತೆಯ ಮಂಚದಿಂದ ಒಲೆಗೆ ಹನ್ನೊಂದು ಹೆಜ್ಜೆ. ನಡುವೆ ಗೋಡೆ, ನನ್ನ ಮಿಷನ್, ಬಾಗಿಲ ಚೌಕಟ್ಟು, ಹಿಡಿದುಕೊಳ್ಳಲು ಒಂದಲ್ಲ ಒಂದು ಸಿಗುತ್ತದೆ. ಡಾಕ್ಟರು ಕೊಟ್ಟ ವಾಕರ್ ಮೇಲೆ ಈಗ ಟವೆಲ್ ಒಣಗುತ್ತಿದೆ. ಕನ್ನಡಕ ಕಳೆದುಹೋದರೆ ಹುಡುಕಲು ಎರಡೇ ಜಾಗ. ಅತ್ತೆ ಮಗ್ಗುಲು ಬದಲಿಸಿದರೂ ನನಗೆ ಗೊತ್ತಾಗುತ್ತದೆ.

ಜಗಳವಿಲ್ಲ ಎಂದುಕೊಳ್ಳಬೇಡಿ. ದಿನವೂ ಇದೆ. ಮೊನ್ನೆ ಫ್ಯಾನಿಗಾಗಿ ಆಯಿತು, ಅವರಿಗೆ ಚಳಿ, ನನಗೆ ಸೆಕೆ. ಸಿಟ್ಟಿನಲ್ಲಿ ಮುಖ ತಿರುಗಿಸಿದೆ. ತಿರುಗಿಸಿದ ಕಡೆ ಕನ್ನಡಿ, ಅದರೊಳಗೂ ಅತ್ತೆಯೇ. ಅವರಿಗೆ ನಗು ಬಂತು. ‘ಕೊಡೇ ಇತ್ಲಾಗೆ, ಆ ಅಂಗಿಗೆ ಗುಂಡಿ ನಾನು ಹಾಕ್ತೀನಿ’ ಎಂದರು. ಫ್ಯಾನು ಒಂದರಲ್ಲಿ ತಿರುಗಿತು, ಜಗಳ ಮುಗಿಯಿತು. ಇಷ್ಟು ಸುಲಭದ ಕೆಲಸಕ್ಕೆ ನೀವು ಇಪ್ಪತ್ತೆರಡು ವರ್ಷ ಸಿಮೆಂಟು ಕಲಸಿದಿರಲ್ಲ!

ಹೊಸ ಕೋಣೆಯನ್ನು ಸಿಮೆಂಟು ಚೀಲ ಇಡಲು ಬಳಸಿಕೊಳ್ಳಿ. ಅತ್ತೆ ಬರೆ ಎಂದದ್ದು ಇಷ್ಟೇ: ‘ಅವನಿಗೆ ನನ್ನ ನೋಡ್ಬೇಕು ಅನ್ಸಿದ್ರೆ ಬರ್ಲಿ. ಕೋಣೆ ತೋರ್ಸಿ ಕರೀಬೇಡ ಅನ್ನು.’

ಈಗಲೂ ನಿಮ್ಮ ಹೆಂಡತಿಯಾಗಿರುವ
ಟೈಲರ್

ತಾ.ಕ.: ಕಾಗದ ಮಡಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಮಿಷನ್ ಓಡುತ್ತಿತ್ತು ಎಂದು ನಾನು ಡಾಕ್ಟರಿಗೆ ಹೇಳಿದ್ದು ಸುಳ್ಳು. ದಾರ ತುಂಡಾಗಿ ಮಿಷನ್ ನಿಲ್ಲಿಸಿದ್ದೆ. ಬೆಲ್ ಮೂರು ಸಲವೂ ಕೇಳಿಸಿತು. ಹಿಂದಿನ ದಿನದಿಂದ ಅತ್ತೆಯ ಮೇಲೆ ಮುನಿಸಿತ್ತು, ಈ ಸಲ ಮಗನೇ ಹೋಗಲಿ ಎಂದು ಸೂಜಿಗೆ ದಾರ ಪೋಣಿಸುತ್ತ ಕೂತೆ. ನಿಮ್ಮ ಮೇಲಿನ ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಇಲ್ಲಿಗೆ ಬಂದ ಮೂರನೇ ವಾರ ಒಂದು ಮಧ್ಯಾಹ್ನ ಅಳು ತಡೆಯಲಾಗಲಿಲ್ಲ. ಮರೆಯಾಗಿ ಅಳಲು ಜಾಗವಿಲ್ಲ, ಅತ್ತೆಯ ಎದುರೇ ಎಲ್ಲ ಹೇಳಿಬಿಟ್ಟೆ. ‘ಗೊತ್ತು ಕಣೆ. ಮಿಷನ್ ನಿಂತಿದ್ದು ನನಗೂ ಕೇಳಿಸ್ತು’ ಎಂದರು. ಆಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕು ಎಂದರು.

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದ ಸಂಜೆ ನೀವು ಟೆರೇಸಿನ ಕೋಣೆಯ ಬೆಲ್ ಬಿಚ್ಚಿ ನೋಡಿ, ಒತ್ತಿ ಕೂಡ ನೋಡದೆ ಮತ್ತೆ ಸ್ಕ್ರೂ ಬಿಗಿಸಿದ್ದನ್ನು ಮೆಟ್ಟಿಲ ಮೇಲಿಂದ ನೋಡಿದ್ದೇನೆ. ಅತ್ತೆ ಬಿದ್ದ ಬೆಳಿಗ್ಗೆ ನೀವು ಅದೇ ಕೋಣೆಯಲ್ಲಿದ್ದಿರಿ, ಕೆಟ್ಟಿರದ ಆ ಬೆಲ್ಲಿನ ಕೆಳಗೆ. ಬನ್ನಿ, ಅತ್ತೆಯ ಮಂಚದ ಪಕ್ಕ ಕೂತು ನಿಮ್ಮದನ್ನೂ ಹೇಳಿ. ಕೂರಲು ಜಾಗ ನಾನು ಮಾಡುತ್ತೇನೆ. ನಡುವೆ ಎದ್ದು ಹೋಗಲು ಮಾತ್ರ ಇಲ್ಲಿ ಇನ್ನೊಂದು ಕೋಣೆ ಇಲ್ಲ.