ಡ್ರಮ್ಮಿನವನು ತಿರುಗಿ ನೋಡಲಿಲ್ಲ

ಅಣ್ಣಾ,

ನೀನು ತೀರಿಕೊಂಡ ಮೇಲೂ ನಿನ್ನ ಬೇಸ್ ಗಿಟಾರನ್ನೇ ನುಡಿಸುತ್ತಿದ್ದೇನೆ. ಇವತ್ತು ಮಧ್ಯಾಹ್ನದ ಮದುವೆಯಲ್ಲಿ, ಹಾಡಿನ ನಡುವೆ, ಅದರೊಳಗಿನ ಬ್ಯಾಟರಿ ಮುಗಿದು ಸದ್ದೇ ನಿಂತಿತು. ಬೆಳಿಗ್ಗೆಯೇ ಬದಲಿಸಬೇಕಿತ್ತು, ಸೋಮಾರಿತನ ಮಾಡಿದೆ. ಡ್ರಮ್ಮಿನವನು ನನ್ನತ್ತ ತಿರುಗಿಯೂ ನೋಡದೆ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು ಜೋರುಮಾಡಿ ಹಾಡನ್ನು ದಡ ಸೇರಿಸಿದ.

"ಮಾನ ಉಳಿಸಿದೆ ಕಣೋ," ಎಂದು ಹಾಡು ಮುಗಿದ ಮೇಲೆ ಅವನಿಗೆ ಹೇಳಿದೆ.

"ಯಾರಿಗೂ ಗೊತ್ತಾಗ್ಲಿಲ್ಲ, ಬಿಡಣ್ಣ," ಎಂದ.

ನನಗೆ ತಲೆ ಎತ್ತಲಾಗಲಿಲ್ಲ. ಅಂದು ವೇದಿಕೆಯ ಮೇಲೆ ನಿನ್ನ ಗಿಟಾರಿನ ವಯರು ಕೈಕೊಟ್ಟಾಗ ಹಾಡುತ್ತಿದ್ದವನು ನಾನು. "ನಮ್ಮಣ್ಣನ ಹಾಗೇ ಅವನ ಗಿಟಾರಿಗೂ ವಯಸ್ಸಾಯ್ತು!" ಎಂದು ಮೈಕಿನಲ್ಲೇ ಹೇಳಿದ್ದೆ. ಸಭೆಯೆಲ್ಲ ನಕ್ಕಿತು. ನೀನೂ ನಕ್ಕೆ. ಮರುದಿನ ಗಿಟಾರನ್ನು ಒರೆಸಿ ನನ್ನ ಮಂಚದ ಮೇಲಿಟ್ಟು, "ಇನ್ಮೇಲೆ ನೀನೇ ನುಡಿಸಪ್ಪ" ಎಂದು ಹೇಳಿ ಹೊರಗೆ ಹೋದೆ.

ನಾನು ಬೇಡವೆನ್ನಲಿಲ್ಲ. ತಂಡದಲ್ಲಿ ನಿನ್ನ ಆ ಜಾಗದ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತು.